ಸಿಮೆಂಟು ಜಿಲ್ಲೆಯದು, ಕಲ್ಲು ಜಿಲ್ಲೆಯದು, ಕರಣಿ ಯಾರದು?

ಸಂಜೆ ಹೊತ್ತು ಕಲಬುರಗಿ ಸ್ಟೇಷನ್ನಿಗೆ ಹೋದವರು ಈ ನೋಟ ನೋಡಿಯೇ ಇರುತ್ತಾರೆ. ಮುಂಬೈಯಿಂದ ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಬರುವ ವೇಳೆ. ಜನರಲ್ ಬೋಗಿ ನಿಲ್ಲುವ ಜಾಗದಲ್ಲಿ ಗುಂಪು ಗುಂಪಾಗಿ ಹುಡುಗರು. ಹೆಗಲಿಗೊಂದು ಬ್ಯಾಗು, ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ ಗಂಟು. ಚಿಂಚೋಳಿ ಕಡೆಯ ತಾಂಡಾದವರು, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಯವರು. ಹಿರಿಯರು ಯಾರಾದರೂ "ಎಲ್ಲಿಗೆ ಹೊಂಟೀರೋ ತಮ್ಮಾ?" ಎಂದರೆ ಉತ್ತರ ಸಿದ್ಧವಾಗಿರುತ್ತದೆ. "ಬೆಂಗಳೂರಿಗ್ರೀ ಕಾಕಾ." "ಏನ್ ಕೆಲಸ?" "ಬಿಲ್ಡಿಂಗ್ ಕೆಲಸರೀ. ಬಿಗಾರಿ."

ಇದೇ ಹಳಿಗಳ ಮೇಲೆ ವಾಡಿ, ಮಳಖೇಡ, ಸೇಡಂ ಕಡೆಯ ಕಾರ್ಖಾನೆಗಳ ಸಿಮೆಂಟು ಹೊತ್ತ ಗೂಡ್ಸ್ ಗಾಡಿಗಳೂ ಓಡುತ್ತವೆ. ಶಹಾಬಾದಿನ ಫರಸಿ ಕಲ್ಲು ಲಾರಿ ಹತ್ತಿ ಊರೂರಿಗೆ ಹೋಗುತ್ತದೆ. ಸಿಮೆಂಟಿನ ಚೀಲದ ಮೇಲೆ ಐಎಸ್‌ಐ ಗುರುತು ಇರುತ್ತದೆ. ಕಲ್ಲಿಗೆ ಊರಿನ ಹೆಸರೇ ಗುರುತು. ಜನರಲ್ ಬೋಗಿ ಹತ್ತುವ ಹುಡುಗನಿಗೆ ಮಾತ್ರ ಯಾವ ಗುರುತೂ ಇಲ್ಲ. ಅವನು ಹೋಗುವುದು ಬುಟ್ಟಿ ಹೊರುವುದಕ್ಕೆ.

ಕಟ್ಟಡ ಕಟ್ಟುವ ಸಾಮಾನೆಲ್ಲ ಹುಟ್ಟುವ ಜಿಲ್ಲೆಯಲ್ಲಿ ಕಟ್ಟುವ ಕೈಗಳು ಯಾಕೆ ತಯಾರಾಗುತ್ತಿಲ್ಲ? ತರಬೇತಿಯ ಹೆಸರಿನಲ್ಲಿ ಸರ್ಕಾರದ ದುಡ್ಡು ಹರಿಯುತ್ತಿಲ್ಲವೇ? ಹರಿಯುತ್ತಿದೆ. ಆದರೆ ಅದು ಹರಿಯುವ ಕಾಲುವೆ ಈ ಹುಡುಗನ ಹೊಲದ ಪಕ್ಕದಿಂದಲೇ ಹಾದು ಮುಂದಕ್ಕೆ ಹೋಗುತ್ತದೆ.

ಫೇಲಾದವರು ಎಲ್ಲಿ ಹೋದರು?

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆಗೆ ಸಿಕ್ಕಿದ್ದು ಶೇಕಡಾ 42.43. ರಾಜ್ಯಕ್ಕೇ ಕೊನೆಯ ಸ್ಥಾನ. ಆ ದಿನ ಎಲ್ಲರೂ ಮರುಗಿದರು. ಶಿಕ್ಷಕರ ಮೇಲೆ ಆಡಳಿತ, ಆಡಳಿತದ ಮೇಲೆ ಮುಖಂಡರು, ಮುಖಂಡರ ಮೇಲೆ ವಿರೋಧ ಪಕ್ಷದವರು ಹರಿಹಾಯ್ದರು. ಸಭೆಗಳಾದವು, ನೋಟಿಸುಗಳು ಹೋದವು.

ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಪರೀಕ್ಷೆ ಬರೆದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫೇಲಾದರಲ್ಲ, ಅವರು ಎಲ್ಲಿ ಹೋದರು? ಮುಂದಿನ ಪರೀಕ್ಷೆಗೆ ಕೂತು ಪಾಸಾದವರು ಪುಣ್ಯವಂತರು. ಉಳಿದವರಲ್ಲಿ ಹೊಲ ಇದ್ದವರು ಹೊಲಕ್ಕೆ, ಅಂಗಡಿ ಇದ್ದವರು ಅಂಗಡಿಗೆ. ಎರಡೂ ಇಲ್ಲದವರು? ತೊಗರಿ ರಾಶಿ ಮುಗಿದ ಮೇಲೆ ಗುಳೆ ಹೋಗುವುದು ಈ ಸೀಮೆಯ ಹಳೆಯ ರೂಢಿ. ಅಪ್ಪ ಹೋಗಿದ್ದ, ಅಣ್ಣ ಹೋಗಿದ್ದಾನೆ, ಈಗ ತಮ್ಮನ ಸರದಿ.

ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುವುದಾಗಿ ಸರ್ಕಾರ 2023ರಲ್ಲಿ ಯುವನಿಧಿ ಯೋಜನೆ ತಂದಿತು. ಒಳ್ಳೆಯದೇ. 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371(ಜೆ) ಬಂತು. ಈ ಭಾಗದವರಿಗೆ ಕಾಲೇಜು ಸೀಟುಗಳಲ್ಲಿ, ಸರ್ಕಾರಿ ನೌಕರಿಗಳಲ್ಲಿ ಮೀಸಲು ಸಿಕ್ಕಿತು. ಅದೂ ದೊಡ್ಡ ಮಾತೇ. ಆದರೆ ಹತ್ತರಲ್ಲೇ ನಿಂತವನಿಗೆ ಯುವನಿಧಿಯೂ ಇಲ್ಲ, 371(ಜೆ)ಯ ಸೀಟೂ ಇಲ್ಲ. ಅವನಿಗೆ ಇರುವುದು ಸಂಜೆಯ ಗಾಡಿ.

ಬಿಗಾರಿಗೂ ಗೌಂಡಿಗೂ ನಡುವಿನ ದಾರಿ

ಕಟ್ಟಡದ ಕೆಲಸದಲ್ಲಿ ಎರಡು ಜಾತಿ. ಒಂದು ಗೌಂಡಿ, ಇನ್ನೊಂದು ಬಿಗಾರಿ. ಕರಣಿ ಹಿಡಿದವನು ಗೌಂಡಿ, ಬುಟ್ಟಿ ಹಿಡಿದವನು ಬಿಗಾರಿ. ಒಂದೇ ಬಿಸಿಲು, ಒಂದೇ ಗೋಡೆ. ಆದರೆ ಸಂಜೆ ಕೂಲಿ ಎಣಿಸುವಾಗ ಗೌಂಡಿಯ ಕೈಗೆ ಬೀಳುವುದು ಬಿಗಾರಿಯ ಒಂದೂವರೆಪಟ್ಟು, ಕೆಲವು ಕಡೆ ದುಪ್ಪಟ್ಟು. ಕೆಲಸ ಕಡಿಮೆಯಾದ ದಿನ ಮೊದಲು ಮನೆಗೆ ಹೋಗುವವನು ಬಿಗಾರಿ. ಗೌಂಡಿಗೆ ಫೋನು ಮಾಡಿ ಕರೆಯುತ್ತಾರೆ. ಬಿಗಾರಿ ಬೆಳಿಗ್ಗೆ ಕೂಡುರಸ್ತೆಯಲ್ಲಿ ಬುತ್ತಿ ಹಿಡಿದು ಕರೆಯುವವರಿಗಾಗಿ ಕಾಯುತ್ತಾನೆ.

ಬಿಗಾರಿ ಗೌಂಡಿಯಾಗುವುದು ಹೇಗೆ? ಇದಕ್ಕೊಂದು ಹಳೆಯ ದಾರಿ ಇದೆ. ಮೂರು ನಾಲ್ಕು ವರ್ಷ ಉಸ್ತಾದನ ಹಿಂದೆ ಮಾಲು ಕಲಸಬೇಕು, ಇಟ್ಟಂಗಿ ಎತ್ತಿಕೊಡಬೇಕು, ಬೈಗುಳ ತಿನ್ನಬೇಕು. ಮಧ್ಯಾಹ್ನ ಊಟಕ್ಕೆ ಕೂತಾಗ ಉಸ್ತಾದ ಕೆಳಗಿಟ್ಟ ಕರಣಿಯನ್ನು ಕದ್ದು ಹಿಡಿದು ಎರಡು ವರಸೆ ಕಟ್ಟಿ ನೋಡಬೇಕು. ಸೊಟ್ಟಾದರೆ ಕೆಡವಿಸಿಕೊಳ್ಳಬೇಕು. ಎಂದೋ ಒಂದು ದಿನ ಕೆಲಸ ಜಾಸ್ತಿ ಇದ್ದು ಕೈ ಕಡಿಮೆ ಬಿದ್ದರೆ "ಏ, ನೀನೂ ಬಾ, ಆ ಕಡಿ ಗ್ವಾಡಿ ಹಿಡಿ" ಎಂಬ ಮಾತು ಉಸ್ತಾದನ ಬಾಯಿಂದ ಬರಬಹುದು. ಬಾರದೆಯೂ ಹೋಗಬಹುದು. ಹತ್ತು ವರ್ಷ ಬುಟ್ಟಿ ಹೊತ್ತು ಬಿಗಾರಿಯಾಗಿಯೇ ಉಳಿದವರು ಊರಿಗೆ ನೂರು ಜನ.

ಹೆಂಗಸರ ಪಾಡಂತೂ ಹೇಳುವಂತಿಲ್ಲ. ಗಂಡಸು ಬಿಗಾರಿಗೆ ಒಂದು ದಿನ ಕರಣಿ ಸಿಕ್ಕೀತೆಂಬ ಆಸೆಯಾದರೂ ಇದೆ. ತಲೆಯ ಮೇಲೆ ಸಿಂಬಿ ಇಟ್ಟು ಕಾಂಕ್ರೀಟು ಹೊರುವ ಹೆಣ್ಣುಮಗಳಿಗೆ ಅದೂ ಇಲ್ಲ. ಇಪ್ಪತ್ತರಲ್ಲಿ ಬುಟ್ಟಿ, ಐವತ್ತರಲ್ಲೂ ಬುಟ್ಟಿ. ಕೂಲಿಯಲ್ಲಿ ಗಂಡಸಿಗಿಂತ ಕಡಿಮೆ.

ಶೇಕಡಾ ಒಂದರ ಕಥೆ

ಇನ್ನು ದುಡ್ಡಿನ ಮಾತು. 1996ರಲ್ಲಿ ಪಾರ್ಲಿಮೆಂಟು ಕಟ್ಟಡ ಕಾರ್ಮಿಕರಿಗಾಗಿ ಎರಡು ಕಾಯ್ದೆ ಮಾಡಿತು. ಒಂದು ಕಾರ್ಮಿಕರ ಕೆಲಸ ಮತ್ತು ಕ್ಷೇಮದ ಬಗ್ಗೆ, ಇನ್ನೊಂದು ಸೆಸ್ಸಿನ ಬಗ್ಗೆ. ಕಟ್ಟಡದ ವೆಚ್ಚದಲ್ಲಿ ಶೇಕಡಾ ಒಂದನ್ನು ಕಾರ್ಮಿಕರ ಕಲ್ಯಾಣಕ್ಕೆಂದು ತೆಗೆದಿಡಬೇಕು. ಕರ್ನಾಟಕದಲ್ಲಿ 2006ರಲ್ಲಿ ನಿಯಮಗಳಾಗಿ, 2007ರಲ್ಲಿ ಕಲ್ಯಾಣ ಮಂಡಳಿ ಬಂತು. ಆ ಹಳೆಯ ಕಾಯ್ದೆಗಳ ಹೆಸರು 2020ರ ಕಾರ್ಮಿಕ ಸಂಹಿತೆಗಳೊಳಗೆ ಕರಗಿತು. ಆದರೆ ಸೆಸ್ಸು ಕರಗಲಿಲ್ಲ. ಅಂದರೆ ಜಿಲ್ಲೆಯಲ್ಲಿ ಒಂದು ಕೋಟಿಯ ಕಟ್ಟಡ ಎದ್ದರೆ ಒಂದು ಲಕ್ಷ ಈ ಹೆಸರಿನಲ್ಲಿ ಕಟ್ಟಿದ್ದಾಯಿತು. ಶಾಲೆಯ ಕೋಣೆ, ಆಸ್ಪತ್ರೆ, ಕಚೇರಿ, ಎಲ್ಲದರಿಂದಲೂ.

ಈ ಹಣ ಕೂಡಿಬಿದ್ದಿದೆ, ಯಾರಿಗಾಗಿ ಕೂಡಿತೋ ಅವರಿಗೆ ಮುಟ್ಟಿಲ್ಲ ಎಂದು 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಸರ್ಕಾರಗಳಿಗೆ ಛೀಮಾರಿ ಹಾಕಿತು. ಮದುವೆಗೆ, ಹೆರಿಗೆಗೆ, ಮಕ್ಕಳ ಓದಿಗೆ ಮಂಡಳಿ ಸಹಾಯ ಕೊಡುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ‘ಶ್ರಮ ಸಾಮರ್ಥ್ಯ’ ಎಂಬ ಹೆಸರಿನಲ್ಲಿ ತರಬೇತಿ ಮತ್ತು ಸಲಕರಣೆಯ ಯೋಜನೆಯನ್ನೂ ಮಾಡಿತು. ಆದರೆ ಆ ಬಾಗಿಲಿಗೆ ಎರಡು ಬೀಗ.

ಮೊದಲ ಬೀಗ ವಯಸ್ಸಿನದು. ಹದಿನೆಂಟು ತುಂಬಿರಬೇಕು. ಎರಡನೆಯದು ದಿನಗಳದು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಎರಡಕ್ಕೂ ಕಾರಣವಿದೆ. ಎಳೆಯರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು, ಕಟ್ಟಡದ ಮುಖ ನೋಡದವರು ಬೋಗಸ್ ಕಾರ್ಡು ಮಾಡಿಸಬಾರದು. ಸರಿ. ಆದರೆ ಹದಿನಾರರಲ್ಲಿ ಫೇಲಾಗಿ ಮನೆಯಲ್ಲಿ ಕೂತ ಹುಡುಗನ ಲೆಕ್ಕವೇನು? ಕೆಲಸ ಕಲಿಯಬೇಕಾದರೆ ಕಾರ್ಡು ಬೇಕು. ಕಾರ್ಡು ಬೇಕಾದರೆ ಕೆಲಸ ಮಾಡಿರಬೇಕು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂದಂತಾಯಿತು.

ಹೀಗಾಗಿ ಸೆಸ್ಸಿನ ಹಣ ಏನಿದ್ದರೂ ಒಳಗೆ ಬಂದವರಿಗೆ. ಹೊಸ್ತಿಲ ಹೊರಗೆ ನಿಂತವನನ್ನು ಒಳಗೆ ಕರೆದುಕೊಳ್ಳುವುದು ಯಾರ ಕೆಲಸವೂ ಅಲ್ಲ. ಹದಿನಾರರಿಂದ ಹದಿನೆಂಟರ ನಡುವಿನ ಆ ಎರಡು ವರ್ಷವೇ ಹುಡುಗನ ಬದುಕು ಬುಟ್ಟಿಯ ಕಡೆಗೋ ಕರಣಿಯ ಕಡೆಗೋ ಹೊರಳುವ ಕಾಲ. ಆ ಎರಡು ವರ್ಷಕ್ಕೆ ಸರ್ಕಾರದ ಬಳಿ ಖಾನೆಯೇ ಇಲ್ಲ.

ರೋಬೋಟಿಗೆ ಕೋಟಿ, ಕರಣಿಗೆ ಕಾಣಿಕೆ

ಐಟಿಐಗಳಿಲ್ಲವೇ ಎಂದು ಕೇಳಬಹುದು. ಇವೆ. ‘ಮೇಸನ್’ ಎಂಬ ಒಂದು ವರ್ಷದ ಕೋರ್ಸು ಐಟಿಐ ಪಟ್ಟಿಯಲ್ಲಿದೆ, ಅದಕ್ಕೆ ಎಂಟನೇ ತರಗತಿ ಪಾಸಾದರೆ ಸಾಕು. ಆದರೆ ಅರ್ಜಿ ಹಿಡಿದು ಸಾಲು ನಿಲ್ಲುವುದು ಎಲೆಕ್ಟ್ರಿಷಿಯನ್, ಫಿಟ್ಟರ್ ಸೀಟಿಗೆ. ಸರ್ಕಾರದ ಕಣ್ಣೂ ಆ ಕಡೆಗೇ. ಖಾಸಗಿ ಕಂಪನಿಯೊಂದರ ಜೊತೆ ಸೇರಿ ರಾಜ್ಯದ 150 ಐಟಿಐಗಳನ್ನು ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟನೆ ಮಾಡಿಸಿತು. ವೆಚ್ಚ 4,600 ಕೋಟಿಗೂ ಮೇಲೆ. ರೋಬೋಟು ಬಂತು, ಕಂಪ್ಯೂಟರಿನಿಂದ ಓಡುವ ಯಂತ್ರ ಬಂತು, ವಿದ್ಯುತ್ ವಾಹನದ ಪಾಠ ಬಂತು. ಬರಲಿ, ಬೇಡವೆನ್ನುವವರು ಯಾರು? ಆದರೆ ಆಳಂದ ತಾಲ್ಲೂಕಿನ ಹಳ್ಳಿಯಲ್ಲಿ ಮನೆ ಕಟ್ಟುವುದು ರೋಬೋಟಲ್ಲ, ಗೌಂಡಿ.

ಇನ್ನು 2015ರಲ್ಲಿ ಶುರುವಾದ ಕೇಂದ್ರದ ಕೌಶಲ ಯೋಜನೆ. ಅದರಲ್ಲಿ ಹಳೆಯ ಗೌಂಡಿಗಳನ್ನು ಕೂಡಿಸಿ, ಕೆಲವು ತಾಸು ಪಾಠ ಹೇಳಿ, ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುವ ಒಂದು ಪದ್ಧತಿಯಿದೆ. ಇಪ್ಪತ್ತು ವರ್ಷ ಗೋಡೆ ಕಟ್ಟಿದವನಿಗೆ ಗೋಡೆ ಕಟ್ಟಲು ಬರುತ್ತದೆ ಎಂಬ ಸರ್ಟಿಫಿಕೇಟು! ಫೋಟೋ ಹಿಡಿಸಿ, ಟೊಪ್ಪಿಗೆ ಹಾಕಿ, ಕಾಗದ ಕೈಗಿಟ್ಟರೆ ಅಂಕಿ-ಸಂಖ್ಯೆ ಏರುತ್ತದೆ. ಗೌಂಡಿಗೆ ಅದರಿಂದ ಒಂದಿಷ್ಟು ಗೌರವ ಸಿಕ್ಕರೆ ಸಂತೋಷ. ಆದರೆ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತವನು ಅಂದು ಎಲ್ಲಿದ್ದನೋ ಇಂದೂ ಅಲ್ಲೇ ಇದ್ದಾನೆ. ಕಲಿತವನಿಗೆ ಕಲಿಸಿ, ಕಲಿಯದವನನ್ನು ಬಿಟ್ಟರೆ ಅದಕ್ಕೆ ತರಬೇತಿ ಎನ್ನುತ್ತಾರೆಯೇ?

ಅಪ್ರೆಂಟಿಸ್ ಕಾಯ್ದೆಯೂ ಇದೆ, 1961ರದು. 2019ರ ನಿಯಮದಂತೆ 30 ಮತ್ತು ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಒಟ್ಟು ಬಲದಲ್ಲಿ ಶೇಕಡಾ ಎರಡೂವರೆಯಿಂದ ಹದಿನೈದರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಗುತ್ತಿಗೆ ಕಾರ್ಮಿಕರೂ ಆ ಲೆಕ್ಕದಲ್ಲಿ ಸೇರುತ್ತಾರೆ. ಅಪ್ರೆಂಟಿಸನ ಸ್ಟೈಪೆಂಡಿನಲ್ಲಿ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮಿತಿಯೊಳಗೆ, ತಾನೇ ಭರಿಸುವುದಾಗಿ ಕೇಂದ್ರ 2016ರಲ್ಲಿ ಯೋಜನೆ ತಂದಿತು. ಕಾರ್ಖಾನೆಗೆ ಇದು ಸರಿಹೊಂದುತ್ತದೆ. ಕಟ್ಟಡದ ಕೆಲಸ ಹಾಗಲ್ಲ. ಟೆಂಡರು ಒಬ್ಬನ ಹೆಸರಿನಲ್ಲಿ, ಕೆಲಸ ಇನ್ನೊಬ್ಬನ ಗುತ್ತಿಗೆಯಲ್ಲಿ, ಜನ ಮೇಸ್ತ್ರಿಯ ಕೈಯಲ್ಲಿ. ಪಾಯ ತೋಡುವವರು ಒಂದು ಗುಂಪು, ಸೆಂಟ್ರಿಂಗಿನವರು ಒಂದು ಗುಂಪು, ಕಬ್ಬಿಣ ಕಟ್ಟುವವರು ಇನ್ನೊಂದು. ಹತ್ತು ದಿನ ಇಲ್ಲಿ, ಹದಿನೈದು ದಿನ ಅಲ್ಲಿ. ಕಾಗದದ ಮೇಲೆ ಯಾರ ಬಳಿಯೂ 30 ಜನ ಇಲ್ಲ. ಅಪ್ರೆಂಟಿಸ್ ಒಪ್ಪಂದಕ್ಕೆ ರುಜು ಹಾಕುವವರು ಯಾರು? ಕಲಿಸುವವನು ಗೌಂಡಿ. ಆ ಗೌಂಡಿಯ ಹೆಸರು ಸರ್ಕಾರದ ಯಾವ ಕಡತದಲ್ಲಿಯೂ ಗುರು ಎಂದು ಬರುವುದಿಲ್ಲ.

ಹುಟ್ಟಿದ್ದು ಕಲಿಸಲು, ಬೆಳೆದದ್ದು ಗುತ್ತಿಗೆಗೆ

ಜಿಲ್ಲೆಗೊಂದು ನಿರ್ಮಿತಿ ಕೇಂದ್ರ ಇರುವುದು ಎಲ್ಲರಿಗೂ ಗೊತ್ತು. ಕಾಮಗಾರಿಯ ಬೋರ್ಡಿನ ಮೇಲೆ ಆ ಹೆಸರು ಕಾಣದ ಊರಿಲ್ಲ. ಆದರೆ ಅದು ಹುಟ್ಟಿದ್ದು ಯಾಕೆ ಎಂಬುದು ಅನೇಕರಿಗೆ ಮರೆತುಹೋಗಿದೆ. 1985ರ ಸುಮಾರಿಗೆ ಕೇರಳದ ಕೊಲ್ಲಂನಲ್ಲಿ ಮೊದಲ ನಿರ್ಮಿತಿ ಕೇಂದ್ರ ಶುರುವಾಯಿತು. ಕಡಿಮೆ ಖರ್ಚಿನಲ್ಲಿ ಮನೆ ಕಟ್ಟುವ ವಿಧಾನ ಜನರಿಗೆ ತಿಳಿಸುವುದು, ಸ್ಥಳೀಯ ಸಾಮಾನು ಬಳಸುವುದು, ಊರಿನ ಹುಡುಗರಿಗೆ, ಹೆಂಗಸರಿಗೆ ಕಟ್ಟಡದ ಕಸುಬು ಕಲಿಸುವುದು ಅದರ ಧ್ಯೇಯ. ಇದು ಚೆನ್ನಾಗಿದೆ ಎಂದು ದೇಶದ ತುಂಬ ಹಬ್ಬಿಸಲು 1988ರಲ್ಲಿ ಕೇಂದ್ರ ಸರ್ಕಾರವೇ ಮುಂದಾಯಿತು, ಹುಡ್ಕೋ ಬೆನ್ನಿಗೆ ನಿಂತಿತು. ಕರ್ನಾಟಕದ ಜಿಲ್ಲೆಗಳಿಗೂ ಬಂತು, ಜಿಲ್ಲಾಧಿಕಾರಿಗಳೇ ಅಧ್ಯಕ್ಷರು.

ಆಮೇಲೆ ಆದದ್ದೇನು? ಟೆಂಡರಿನ ತಾಪತ್ರಯವಿಲ್ಲದೆ ಸರ್ಕಾರಿ ಕಟ್ಟಡ ಕಟ್ಟಿಸಲು ಇದೊಂದು ಸುಲಭದ ದಾರಿಯಾಯಿತು. ಕಸುಬು ಕಲಿಸಲು ಹುಟ್ಟಿದ ಸಂಸ್ಥೆ ಬಹುತೇಕ ಕಡೆ ಬಿಲ್ಲು ಬರೆಯುವ ಸಂಸ್ಥೆಯಾಯಿತು. ಶಾಲೆ ಕಟ್ಟಿತು, ಅಂಗನವಾಡಿ ಕಟ್ಟಿತು, ಭವನ ಕಟ್ಟಿತು. ಈ ಎಲ್ಲ ಕಟ್ಟಡಗಳ ಪಕ್ಕದಲ್ಲಿ ಕಲಿಯುವ ನಾಲ್ಕು ಹುಡುಗರನ್ನು ನಿಲ್ಲಿಸಿದ್ದರೆ ಇಷ್ಟು ವರ್ಷಗಳಲ್ಲಿ ಎಷ್ಟು ಗೌಂಡಿಗಳು ತಯಾರಾಗುತ್ತಿದ್ದರು! ದೀಪದ ಬುಡದಲ್ಲೇ ಕತ್ತಲೆ.

ಗೋಡೆಯ ಮುಂದೆಯೇ ಪಾಠ

ಕಸುಬು ಕಲಿಯುವುದು ಫ್ಯಾನಿನ ಕೆಳಗೆ ಕೂತಲ್ಲ, ಎದ್ದು ನಿಲ್ಲುವ ಗೋಡೆಯ ಮುಂದೆ. ಇದಕ್ಕೆ ಸರ್ಕಾರವೇ ತೋರಿಸಿಕೊಟ್ಟ ಉದಾಹರಣೆ ಇದೆ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯ ಗೌಂಡಿ ತರಬೇತಿ ಎಂದು ಒಂದು ಕಾರ್ಯಕ್ರಮ ನಡೆಯಿತು. 45 ದಿನದ ತರಬೇತಿ. ಅದರ ವಿಶೇಷವೆಂದರೆ ಕಲಿಯುವವರು ಕಟ್ಟುವುದು ತೋರಿಕೆಯ ಗೋಡೆಯನ್ನಲ್ಲ, ಫಲಾನುಭವಿಯ ನಿಜವಾದ ಮನೆಯನ್ನೇ. ಮನೆ ಮುಗಿಯುವ ಹೊತ್ತಿಗೆ ಗೌಂಡಿಯೂ ತಯಾರು. ಮಾಮೂಲಿ ತರಬೇತಿಯಲ್ಲಿ ಕಟ್ಟಿದ ಗೋಡೆಯನ್ನು ಸಂಜೆ ಕೆಡವುತ್ತಾರೆ; ಇಲ್ಲಿ ಆ ಗೋಡೆಯೊಳಗೆ ಒಂದು ಸಂಸಾರ ಬಂದು ಇರುತ್ತದೆ.

ಜಾರ್ಖಂಡದ್ದು ಇನ್ನೂ ದೊಡ್ಡ ಪಾಠ. ಸ್ವಚ್ಛ ಭಾರತದ ಶೌಚಾಲಯ ಕಟ್ಟಿಸಲು ಅಲ್ಲಿ ಗೌಂಡಿಗಳು ಸಾಲಲಿಲ್ಲ. ಆಗ ಹಳ್ಳಿಯ ಹೆಣ್ಣುಮಕ್ಕಳ ಕೈಗೇ ಕರಣಿ ಕೊಟ್ಟರು. ಸಾವಿರಾರು ಮಂದಿ ಕಲಿತರು, ‘ರಾಣಿ ಮಿಸ್ತ್ರಿ’ ಎಂದು ಹೆಸರಾದರು. ಗುಜರಾತಿನ ಅಹಮದಾಬಾದಿನಲ್ಲಿ ಸೇವಾ ಸಂಘಟನೆ 2003ರಲ್ಲೇ ಕಟ್ಟಡದ ಹೆಣ್ಣಾಳುಗಳಿಗಾಗಿ ಶಾಲೆ ತೆರೆದಿತ್ತು. ಹೆಂಗಸಿನ ಕೈಯಲ್ಲಿ ಗೋಡೆ ನಿಲ್ಲುವುದಿಲ್ಲ ಎಂಬ ಮಾತು ಅಲ್ಲೆಲ್ಲ ಸುಳ್ಳಾಯಿತು. ಶರಣರ ನಾಡೆಂದು ವೇದಿಕೆ ಹತ್ತಿದಾಗೆಲ್ಲ ಕಾಯಕದ ಮಾತಾಡುವ ಈ ಸೀಮೆಯಲ್ಲಿ ಅದು ಯಾಕೆ ಆಗಬಾರದು?

ಕಲಿಸುವುದಾದರೂ ಏನನ್ನು? ಕೆಲಸಕ್ಕೆ ನಿಲ್ಲುವ ಮುಂಚೆ ತಿಳಿದಿರಬೇಕಾದ ಸಂಗತಿ ಬೇಕಾದಷ್ಟಿವೆ. ಮನೆಯ ಮೂಲೆ ಹಿಡಿಯುವುದನ್ನೇ ತೆಗೆದುಕೊಳ್ಳಿ. ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಹಾಕಿ ಓರೆಯಾಗಿ ಅಳೆದಾಗ 5 ಅಡಿ ಬಂದರೆ ಮೂಲೆ ಸರಿ. ಇದು ಹತ್ತನೇ ಕ್ಲಾಸಿನ ಪೈಥಾಗೊರಸನ ಪ್ರಮೇಯವೇ. ಹುಡುಗ ಪರೀಕ್ಷೆಯಲ್ಲಿ ಅದನ್ನು ಬರೆಯಲಾಗದೆ ಫೇಲಾಗಿರುತ್ತಾನೆ. ದಾರ ಹಿಡಿದು ತೋರಿಸಿದರೆ ಹತ್ತು ನಿಮಿಷದಲ್ಲಿ ತಲೆಗೆ ಹತ್ತುತ್ತದೆ.

ಕಬ್ಬಿಣದ ಲೆಕ್ಕವೂ ಹಾಗೆಯೇ. ಸಲಾಕೆಯ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಮಿಲಿಮೀಟರಿನದಾದರೆ ಮೀಟರಿಗೆ ಸುಮಾರು 890 ಗ್ರಾಂ. ಇಷ್ಟು ತಿಳಿದವನಿಗೆ ಲಾರಿಯವನು ಮೋಸ ಮಾಡಲಾರ. ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ನೀರು ಉಣಿಸಬೇಕು. ಕಲಬುರಗಿಯ ಬೇಸಿಗೆಯಲ್ಲಿ ಎರಡು ದಿನ ನೀರು ಬಿಟ್ಟು ಕೈತೊಳೆದುಕೊಂಡ ಶಾಲಾ ಕೋಣೆಗಳ ಗಿಲಾವು ಯಾಕೆ ಬಿರುಕು ಬಿಡುತ್ತದೆ ಎಂದು ಮತ್ತೆ ತನಿಖೆ ಮಾಡಿಸಬೇಕಾಗಿಲ್ಲ. ಎತ್ತರದಲ್ಲಿ ನಿಂತವನು ಸೊಂಟಕ್ಕೆ ಬೆಲ್ಟು ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು ಪ್ರತಿಯೊಂದು ಊರಿನಲ್ಲಿಯೂ ಒಂದೊಂದು ಮನೆ ಹೇಳೀತು. ನಕ್ಷೆ ಓದುವುದು, ಅಳತೆ ಪುಸ್ತಕ ಬರೆಯುವುದು, ತನ್ನ ಹಾಜರಿ ತಾನೇ ಬರೆದಿಟ್ಟುಕೊಳ್ಳುವುದು, ಇವೆಲ್ಲ ನೆಲದ ಮೇಲೆ ನಿಂತೇ ಕಲಿಯಬಹುದಾದ ಪಾಠಗಳು. ಹದಿನೆಂಟು ತುಂಬದ ಹುಡುಗನಿಗೆ ಅಟ್ಟಣಿಗೆ ಹತ್ತಿಸದೆಯೇ ಕಲಿಸಬಹುದು.

"ಗ್ವಾಡಿ ಸೊಟ್ಟ ಆದ್ರ ಬಿಲ್ಲು ಯಾರ್ ಕೊಡ್ತಾರ?"

ಗುತ್ತಿಗೆದಾರರು ಎತ್ತಬಹುದಾದ ಮೊದಲ ತಕರಾರು ಇದೇ. ಕಲಿಯುವ ಹುಡುಗನಿಂದ ಕೆಲಸ ನಿಧಾನ, ಸಾಮಾನು ಹಾಳು, ಎಂಜಿನಿಯರು ಬಂದು ಕೆಡವು ಎಂದರೆ ನಷ್ಟ. ಮಾತು ಸುಳ್ಳಲ್ಲ. ಅದಕ್ಕೇ ಆ ನಷ್ಟವನ್ನು ಗುತ್ತಿಗೆದಾರನ ತಲೆಗೆ ಕಟ್ಟಬಾರದು. ಎಸ್ಟಿಮೇಟಿನಲ್ಲಿಯೇ ಕಲಿಕೆಯ ಖರ್ಚು ಎಂದು ಒಂದು ಸಾಲು ಸೇರಿಸಬೇಕು. ಸಿಮೆಂಟಿಗೆ, ಮರಳಿಗೆ, ಸಾಗಾಣಿಕೆಗೆ ಸಾಲು ಇರುವಾಗ ಮನುಷ್ಯನಿಗೊಂದು ಸಾಲು ಭಾರವಾಗಲಾರದು.

ಎರಡನೆಯ ತಕರಾರು ತಾಯಿತಂದೆಯರದು. "ನಾ ಗೌಂಡಿ ಆಗಿ ಬ್ಯಾನಿ ತಿಂದೀನಿ, ನನ್ ಮಗ ನೌಕ್ರಿ ಮಾಡ್ಲಿ" ಎನ್ನುವ ತಂದೆಯ ಸಂಕಟ ಅರ್ಥವಾಗುವಂಥದು. ಕಸುಬಿಗೆ ಮರ್ಯಾದೆ ಇಲ್ಲದ ಕಡೆ ಮಗನನ್ನು ಕಸುಬಿಗೆ ಹಚ್ಚು ಎಂದರೆ ಯಾರು ಕೇಳುತ್ತಾರೆ? ಮರ್ಯಾದೆ ಭಾಷಣದಿಂದ ಬರುವುದಿಲ್ಲ. ತಿಂಗಳ ಸ್ಟೈಪೆಂಡು, ವಿಮೆ, ಕಾರ್ಡು, ಕೈಯಲ್ಲೊಂದು ಒಪ್ಪಂದದ ಕಾಗದ ಇದ್ದರೆ ಮರ್ಯಾದೆ ತಾನಾಗಿ ಬರುತ್ತದೆ.

ಮೂರನೆಯದು ಬುದ್ಧಿವಂತರ ತಕರಾರು. ಕಲಿತ ಮೇಲೂ ಗುಳೆ ಹೋಗುತ್ತಾರಲ್ಲ, ದುಡ್ಡು ದಂಡವಲ್ಲವೇ? ಹೋಗಲಿ. ಗೌಂಡಿಯಾಗಿ ಹೋಗುವುದು ಬೇರೆ, ಬಿಗಾರಿಯಾಗಿ ಹೋಗುವುದು ಬೇರೆ. ಕಸುಬು ಇದ್ದವನು ಕೂಲಿ ಮಾತಾಡಿ ಗಾಡಿ ಹತ್ತುತ್ತಾನೆ; ಇಲ್ಲದವನು ಮುಕಾದಮನ ಮುಂಗಡ ತಿಂದು ಹತ್ತುತ್ತಾನೆ.

ಆಗಬೇಕಾದದ್ದು

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24 ಮತ್ತು 2024-25ರ ಬಜೆಟ್ಟುಗಳಲ್ಲಿ ತಲಾ 5,000 ಕೋಟಿ ಘೋಷಣೆಯಾಯಿತು. ಈ ಹಣದಲ್ಲಿ ಶಾಲೆ, ಆಸ್ಪತ್ರೆ, ರಸ್ತೆ, ಭವನ ಎಂದು ಕಟ್ಟುವ ಕೆಲಸವೇ ದೊಡ್ಡ ಪಾಲು. ಸಾವಿರ ಎಕರೆಯ ಜವಳಿ ಪಾರ್ಕು 2023ರಲ್ಲಿ ಕಲಬುರಗಿಗೆ ಘೋಷಣೆಯಾಗಿದೆ. ಕಟ್ಟುವ ಕೆಲಸಕ್ಕೆ ಬರ ಇಲ್ಲ. ಹೊಸ ಯೋಜನೆಯೂ ಬೇಡ, ಹೊಸ ಹೆಸರೂ ಬೇಡ, ಉದ್ಘಾಟನೆಯ ಟೇಪೂ ಬೇಡ. ಇರುವುದನ್ನೇ ಸ್ವಲ್ಪ ತಿರುಗಿಸಿದರೆ ಸಾಕು.

ಒಂದು: ಮಂಡಳಿಯ ಹಣದಲ್ಲಿ ನಡೆಯುವ ಒಂದು ಕೋಟಿ ಮೀರಿದ ಪ್ರತಿ ಕಟ್ಟಡದ ಟೆಂಡರಿನಲ್ಲಿ ಆ ತಾಲ್ಲೂಕಿನ ಇಂತಿಷ್ಟು ಹುಡುಗ-ಹುಡುಗಿಯರಿಗೆ ಕಸುಬು ಕಲಿಸಬೇಕೆಂಬ ಷರತ್ತು ಇರಲಿ. ಅವರ ಹಾಜರಿ ತೋರಿಸದೆ ಕೊನೆಯ ಬಿಲ್ಲು ಪಾಸಾಗದಿರಲಿ.

ಎರಡು: ಈ ತರಬೇತಿಯ ದಿನಗಳನ್ನು ಕಲ್ಯಾಣ ಮಂಡಳಿಯ 90 ದಿನದ ಲೆಕ್ಕಕ್ಕೆ ಹಿಡಿಯಲಿ. 45 ದಿನದ ಎರಡು ಪಾಳಿ ಮುಗಿದರೆ 90 ದಿನ ಆಯಿತು. ಹದಿನೆಂಟು ತುಂಬಿದ ದಿನ ಹುಡುಗನ ಕೈಯಲ್ಲಿ ಕಾರ್ಡು ಇರುತ್ತದೆ. ಬೋಗಸ್ ಕಾರ್ಡಿನ ಭಯವೂ ಇಲ್ಲ, ಯಾಕೆಂದರೆ ಅವನು ಕಟ್ಟಿದ ಗೋಡೆಯೇ ಸಾಕ್ಷಿ.

ಮೂರು: ಸೆಸ್ಸಿನ ಹಣದಿಂದ ಸ್ಟೈಪೆಂಡು, ಬಸ್ ಪಾಸು, ಬೂಟು, ಟೊಪ್ಪಿಗೆ, ಬೆಲ್ಟು ಮತ್ತು ಕರಣಿ, ತೂಕಗುಂಡು, ರಸಮಟ್ಟ, ಟೇಪು ಇರುವ ಚೀಲ ಕೊಡಲಿ. ಚೀಲವನ್ನು ಸಮಾರೋಪದ ದಿನ ಫೋಟೋಕ್ಕೆಂದು ಕೊಡುವುದಲ್ಲ, ಮೊದಲ ದಿನವೇ ಕೊಡಬೇಕು.

ನಾಲ್ಕು: ಕಲಿಸುವ ಗೌಂಡಿಗೆ ಗೌರವಧನ. ಉಸ್ತಾದನ ಕೂಲಿ ಕಡಿಮೆಯಾಗದಂತೆ, ಕಲಿಸಿದ್ದಕ್ಕೆ ಬೇರೆಯಾಗಿ. ಆತ ಕಲಿಸಿದ ಹುಡುಗನ ಸರ್ಟಿಫಿಕೇಟಿನ ಮೇಲೆ ಅಧಿಕಾರಿಯ ರುಜು ಪಕ್ಕದಲ್ಲಿ ಆತನ ರುಜುವೂ ಇರಲಿ. ರುಜು ಬಾರದಿದ್ದರೆ ಹೆಬ್ಬೆಟ್ಟು.

ಐದು: ನಿರ್ಮಿತಿ ಕೇಂದ್ರ ತಾನು ಹುಟ್ಟಿದ ಉದ್ದೇಶಕ್ಕೆ ಮರಳಲಿ. ವರ್ಷಕ್ಕೆ ಎಷ್ಟು ಕೋಟಿ ಕೆಲಸ ಮುಗಿಸಿದೆ ಎನ್ನುವುದರ ಜೊತೆಗೆ ಎಷ್ಟು ಗೌಂಡಿಗಳನ್ನು ತಯಾರು ಮಾಡಿದೆ ಎಂದೂ ಜಿಲ್ಲಾಧಿಕಾರಿಗಳು ಕೇಳಲಿ. ಹಾಗೆ ತಯಾರಾದವರಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಣ್ಣುಮಕ್ಕಳು ಇರಲಿ.

ಇದಕ್ಕೆಲ್ಲ ಪಾರ್ಲಿಮೆಂಟು ಕೂಡಬೇಕಾಗಿಲ್ಲ. ಜಿಲ್ಲೆಯ ಶಾಸಕರು, ಅಭಿವೃದ್ಧಿ ಮಂಡಳಿಯವರು, ಕಾರ್ಮಿಕ ಇಲಾಖೆಯವರು ಒಂದು ಮೇಜಿನ ಸುತ್ತ ಕೂತು, ಬೆಂಗಳೂರಿನಿಂದ ಒಂದೆರಡು ಆದೇಶ ತರಿಸಿದರೆ ಮುಗಿಯಿತು. ಮುಂದಿನ ಫಲಿತಾಂಶ ಬರುವುದಕ್ಕೆ ಮುಂಚೆ ಆದರೆ ಇನ್ನೂ ಒಳ್ಳೆಯದು. ಶೇಕಡಾವಾರು ಏರಿದರೂ ಫೇಲಾಗುವವರು ಇದ್ದೇ ಇರುತ್ತಾರೆ.

ಊರಿನ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿ ನಿಂತಿದೆ. ಅಂಗಳವೇ ಇಲ್ಲದೆ ಇಡೀ ಕಟ್ಟಡಕ್ಕೆ ಗುಮ್ಮಟಗಳ ಸೂರು ಹೊದಿಸಿದ ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಆ ಕಮಾನುಗಳನ್ನು ತಿರುಗಿಸಿದ ಕೈಗಳು ಯಾವುದೋ ಉಸ್ತಾದನ ಬಳಿ ಕಲಿತ ಕೈಗಳೇ. ಆರೂವರೆ ಶತಮಾನ ನಿಲ್ಲುವ ಗೋಡೆ ಕಟ್ಟಿಸಿದ ಊರು, ಇಂದು ತನ್ನ ಮಕ್ಕಳಿಗೆ ಗೋಡೆ ಕಟ್ಟುವುದನ್ನು ಕಲಿಸಲಾರದೆ ಸ್ಟೇಷನ್ನಿಗೆ ಬಿಟ್ಟು ಬರುತ್ತಿದೆ.

ಇವತ್ತೂ ಸಂಜೆ ಉದ್ಯಾನ್ ಬರುತ್ತದೆ. ಜನರಲ್ ಬೋಗಿ ಇವತ್ತೂ ತುಂಬುತ್ತದೆ. ಸಂಬಂಧಪಟ್ಟವರು ಒಂದು ಸಲ ಕಾರು ಅತ್ತ ತಿರುಗಿಸಿ, ಪ್ಲಾಟ್‌ಫಾರ್ಮ್ ಟಿಕೆಟು ತೆಗೆದುಕೊಂಡು, ಆ ಹುಡುಗರಲ್ಲಿ ಒಬ್ಬನನ್ನು "ಎಲ್ಲಿಗೆ ಹೊಂಟೀಯೋ ತಮ್ಮಾ?" ಎಂದು ಕೇಳಿ ಬರಲಿ. ಸಭೆಯ ನಡಾವಳಿ ಆಮೇಲೆ ಬರೆಯಬಹುದು.